ಸಿಮೆಂಟಿನ ಹಿತ್ತಲು

ಮದುವೆಯಾಗಿ ಲೊರಿಕಾ ಊರಿಗೆ ಬಂದಾಗಿನಿಂದ ಲೇದಿಸ್ ಗಂಡನನ್ನು ಕೇಳುತ್ತಿದ್ದದ್ದು ಒಂದೇ: ಹಿತ್ತಲಿಗೆ ಸಿಮೆಂಟು ಹಾಕಿಸು. ಚಿನ್ನ ಕೇಳಲಿಲ್ಲ, ಹೊಸ ಟೀವಿ ಕೇಳಲಿಲ್ಲ. ಮಳೆಗಾಲ ಬಂತೆಂದರೆ ಸಿನೂ ನದಿ ಉಬ್ಬುತ್ತಿತ್ತು, ಹಿತ್ತಲಲ್ಲಿ ನೀರು ನಿಲ್ಲುತ್ತಿತ್ತು. ಅಡುಗೆಮನೆ ಬಾಗಿಲಿಂದ ಬಟ್ಟೆ ಒಗೆಯುವ ಕಟ್ಟೆಗೆ ಹಲಗೆಗಳ ಮೇಲೆ ತೂಗಾಡುತ್ತ ಹೋಗಬೇಕು. ಮಾವಿನೆಲೆ, ಕೋಳಿ ಹಿಕ್ಕೆ, ಸಾಕಿದ ಆಮೆಗಳ ಗಲೀಜು ಎಲ್ಲ ಕಲಸಿ ಕೊಚ್ಚೆ. ಹಿಂಡಿದ ಬಟ್ಟೆ ಕೈಜಾರಿ ಬಿತ್ತೋ, ಮತ್ತೆ ಮೊದಲಿಂದ ಒಗೆ. ಕೆಸರಿನ ಕಾಲಲ್ಲೇ ಎಲ್ಲರೂ ಒಳಗೆ ಬರುವವರು. ಒರೆಸುವವಳು ಲೇದಿಸ್ ಒಬ್ಬಳೇ.

"ನಾನು ಇಷ್ಟು ವರ್ಷ ಇದೇ ಮಣ್ಣಲ್ಲಿ ಓಡಾಡಿದೀನಿ, ನನ್ನ ಕಾಲೇನು ಕರಗಿ ಹೋಯ್ತಾ?" ಎಂದು ಅತ್ತೆ ನೊಯೆಮಿ ಅನ್ನುವಳು. "ಮುಂದಿನ ವರ್ಷ ನೋಡೋಣ" ಎಂದು ಗಂಡ ವಿಲ್ಫ್ರಿದೊ ಅನ್ನುವನು. ಅವನು ಮನೆಯ ಮುಂದಿನ ಕೋಣೆಯಲ್ಲಿ ಮೋಟರ್‌ಬೈಕ್ ರಿಪೇರಿ ಮಾಡುತ್ತಿದ್ದ. ಮುಂದಿನ ವರ್ಷ ಬರುತ್ತಿತ್ತು, ಅದರ ಜೊತೆ ಮಳೆಯೂ ಬರುತ್ತಿತ್ತು. ಮಗಳು ಒಸಿರಿಸ್‌ಗೆ ಹದಿನಾರು ತುಂಬಿತು. ಹಿತ್ತಲು ಮಾತ್ರ ಹಾಗೇ ಇತ್ತು.

ಕೊನೆಗೆ ಲೇದಿಸ್‌ಳ ತಮ್ಮ ನಾಫೇರ್, ಗಾರೆ ಕೆಲಸದವನು, ಒಂದು ದಿನ ಊಟಕ್ಕೆ ಬಂದವನು ಹೇಳಿಬಿಟ್ಟ: "ಭಾವ, ಸಿಮೆಂಟು ನೀನು ತರಿಸು, ಕೂಲಿ ಬೇಡ. ನಮ್ಮಕ್ಕನ ಕೈಯ ಬೊಕಾಚೀಕೊ ಮೀನು ದಿನಾ ಮಧ್ಯಾಹ್ನ ಹಾಕ್ಸು, ಸಾಕು." ಎಲ್ಲರೆದುರು ಹಾಗಂದ ಮೇಲೆ ವಿಲ್ಫ್ರಿದೊಗೆ ಬೇರೆ ದಾರಿ ಇರಲಿಲ್ಲ. ಡಿಸೆಂಬರಿನ ಗಾಳಿ ಶುರುವಾದ ವಾರವೇ ಕೆಲಸ ಹಿಡಿದರು. ನಾಫೇರ್ ನೆಲವನ್ನು ಕರಣೆಯಿಂದ ನುಣ್ಣಗೆ ಎಳೆದು, ದಾರ ಹಿಡಿದು ಗೆರೆ ಕೊರೆದ. ದೂರದಿಂದ ನೋಡಿದರೆ ಟೈಲ್ಸ್ ಹಾಕಿದ ಹಾಗೆ. ಒಣಗುವ ತನಕ ಲೇದಿಸ್ ಯಾರಿಗೂ ಕಾಲಿಡಗೊಡಲಿಲ್ಲ, ಕೋಳಿಗೂ. ಒಣಗಿದ ಮೇಲೆ ಕೊಡ ಕೊಡ ನೀರು ಹುಯ್ದು ತೊಳೆದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು.

"ಹುಚ್ಚಿ ಥರ ಓಡಾಡ್ಬೇಡ, ಅಕ್ಕಪಕ್ಕದೋರು ನೋಡ್ತಾರೆ" ಎಂದ ವಿಲ್ಫ್ರಿದೊ.

"ನೋಡ್ಲಿ ಅಂತಾನೇ ಓಡಾಡ್ತಿರೋದು."

ಉಳಿದ ತಲೆನೋವು ಆಮೆಗಳದು. ನಾಲ್ಕಿದ್ದವು, ಕಪ್ಪು ಚಿಪ್ಪು, ಕಾಲಿನ ಮೇಲೆ ಕೆಂಪು ಚುಕ್ಕೆ. ಎಲ್ಲಕ್ಕಿಂತ ಹಿರಿಯಳು ಪೆತ್ರೋನಾ. ನೊಯೆಮಿ ಈ ಮನೆಗೆ ಸೊಸೆಯಾಗಿ ಬರುವಾಗ ತವರಿನಿಂದ ಬುಟ್ಟಿಯಲ್ಲಿಟ್ಟು ತಂದದ್ದು ಅದನ್ನೇ. ಆ ಕಾಲದಲ್ಲಿ ಯಾರೋ ಅದರ ಚಿಪ್ಪಿನ ಅಂಚಿಗೆ ತೂತು ಕೊರೆದು ತಂತಿ ಕಟ್ಟಿದ್ದರು. ತೂತು ಇನ್ನೂ ಇತ್ತು. ಇನ್ನೊಂದು ಹೆಣ್ಣು ಚಾತಾ. ಗಂಡು ಎರಡು, ಮೇಯರ್ ಮತ್ತು ಸಾರ್ಜೆಂಟ್. ಕೆಲಸ ನಡೆಯುವಾಗ ಅವನ್ನು ಖಾಲಿ ನೀರಿನ ತೊಟ್ಟಿಗೆ ಹಾಕಿದ್ದರು. ಕೆಲಸ ಮುಗಿದ ಮೇಲೆ ವಿಲ್ಫ್ರಿದೊ ಮನೆಯಲ್ಲಿ ಬಿದ್ದಿದ್ದ ಸಿಮೆಂಟ್ ಬ್ಲಾಕುಗಳನ್ನು ಒಗೆಯುವ ಕಟ್ಟೆಯ ಪಕ್ಕ ಜೋಡಿಸಿ, ಮೇಲೆ ತಗಡು ಹೊದೆಸಿ, ಅವಕ್ಕೊಂದು ಗೂಡು ಮಾಡಿದ. ಕೆಳಗೂ ಸಿಮೆಂಟೇ. ಪೈಪ್ ಹಿಡಿದರೆ ಒಂದು ನಿಮಿಷಕ್ಕೆ ಸ್ವಚ್ಛ.

"ಇದೇನು, ಹಂದಿ ಗೂಡಾ?" ಎಂದಳು ನೊಯೆಮಿ.

"ಹಂದೀಗೂ ಇಷ್ಟು ಚೆನ್ನಾಗಿ ಯಾರೂ ಮಾಡ್ಕೊಡಲ್ಲ ಅಮ್ಮ" ಎಂದ ಮಗ.

"ಅವು ಮಾವಿನ ಬುಡದಲ್ಲಿ ಮಣ್ಣು ತೋಡ್ಕೊಂಡು ಮಲಗ್ತಿದ್ವು. ಇಲ್ಲಿ ಏನು ತೋಡ್ತವೆ, ನಿನ್ನ ತಲೇನಾ?"

ಲೇದಿಸ್ ಒಗೆದ ಬಟ್ಟೆ ಹರವತೊಡಗಿದಳು. ಅವಳಿಗೆ ಹಿತ್ತಲು ಸಿಕ್ಕಿತ್ತು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ನೆಂಟರು, ಕೇರಿಯವರು ಎಲ್ಲ ಬಂದರು. ಮಾವಿನ ಕೊಂಬೆಗೆ ಬಣ್ಣದ ದೀಪ ಕಟ್ಟಿ, ಆ ನೆಲದ ಮೇಲೆ ಕುಣಿದರು. ಒಬ್ಬರ ಚಪ್ಪಲಿಗೂ ಕೆಸರು ಹತ್ತಲಿಲ್ಲ. ನಾದಿನಿಯರು ಬಗ್ಗಿ ನೆಲ ಮುಟ್ಟಿ ನೋಡಿದ್ದನ್ನು ಲೇದಿಸ್ ಅಡುಗೆಮನೆಯಿಂದಲೇ ಕಂಡಳು.

ಜನವರಿಯಲ್ಲಿ ಶುರುವಾಯಿತು ಅದು.

ಜನವರಿ ಲೇದಿಸ್‌ಗೆ ಉಸಿರಾಡಲೂ ಬಿಡುವಿಲ್ಲದ ತಿಂಗಳು. ಶಾಲೆ ತೆರೆಯುವ ಮುಂಚೆ ಊರಿನ ಅರ್ಧ ಮಕ್ಕಳ ಸಮವಸ್ತ್ರ ಹೊಲಿಯುವವಳು ಅವಳೇ. ಆ ತಿಂಗಳು ಅಡುಗೆ ನೊಯೆಮಿಯದು, ಹೊಲಿಗೆ ಲೇದಿಸ್‌ಳದು ಎಂದು ಮಾತಿಲ್ಲದೇ ಆದ ಒಪ್ಪಂದ. ಹೊಲಿಗೆ ಮಷೀನನ್ನು ಹಿತ್ತಲ ಬಾಗಿಲಲ್ಲಿ ಗಾಳಿಗೆ ಹಾಕಿಕೊಂಡು ಕೂತರೆ, ಪೆಡಲಿನ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸತೊಡಗಿತು. ಕರ್ ಕರ್. ನಿಲ್ಲುವುದು. ಮತ್ತೆ ಕರ್ ಕರ್. ಪೆತ್ರೋನಾ ಗೂಡಿನ ಮೂಲೆಗೆ ಬೆನ್ನು ಕೊಟ್ಟು, ಹಿಂಗಾಲುಗಳಿಂದ ಒಂದೊಂದಾಗಿ ಸಿಮೆಂಟನ್ನು ಕೆರೆಯುತ್ತಿತ್ತು.

"ಮೊಟ್ಟೆ ಕಟ್ಟಿದೆ ಅದಕ್ಕೆ" ಎಂದಳು ನೊಯೆಮಿ. "ಇಡೋಕೆ ಜಾಗ ಹುಡುಕ್ತಿದೆ. ಮೂರು ದಿನದಿಂದ ಪಪಾಯ ಹಾಕಿದ್ರೂ ಮೂಸಿ ನೋಡ್ತಿಲ್ಲ."

"ಹೊಸ ಜಾಗ ಅಲ್ವಾ ಅತ್ತೆ, ಒಗ್ಗುತ್ತೆ."

"ನೀನು ಹೆರೋಕೆ ಹೋದಾಗ ನಿನ್ನ ತಗೊಂಡೋಗಿ ರಸ್ತೇಲಿ ಮಲಗಿಸಿ, ಒಗ್ಗುತ್ತೆ ಅಂದಿದ್ರೆ?"

ಲೇದಿಸ್ ಪೆಡಲ್ ಜೋರಾಗಿ ತುಳಿದಳು. ಸೂಜಿ ಮುರಿಯಿತು.

ಒಸಿರಿಸ್ ಫೋನಿನಲ್ಲಿ ಏನೇನೋ ಓದಿಕೊಂಡು ಬಂದು ಊಟದ ಹೊತ್ತಿಗೆ ಬಡಿಸತೊಡಗಿದಳು. ಅವತ್ತು ಉಪ್ಪು ಚೀಸ್ ಹಾಕಿ ಕುದಿಸಿದ ಹೆಗ್ಗೆಣಸಿನ ಮೋತೆ ಸಾರು. "ಅಪ್ಪ, ಗಂಡು ಹೆಣ್ಣು ಒಂದೇ ಕಡೆ ಇಡಬಾರ್ದಂತೆ. ಮೇಯರ್ ಇಡೀ ದಿನ ಚಾತಾಗೆ ಡಿಕ್ಕಿ ಹೊಡೀತಾನೆ, ಅವಳ ಚಿಪ್ಪಿನ ಹಿಂದೆ ಸಿಪ್ಪೆ ಎದ್ದಿದೆ, ನೋಡಿದೀಯಾ? ಮೊದಲು ಓಡೋಕೆ ಜಾಗ ಇತ್ತು. ಈಗ ಎಲ್ಲಿ ಓಡ್ತಾಳೆ?"

"ಅದು ಸಂಸಾರದ ವಿಷಯ, ನಾವು ತಲೆ ಹಾಕ್ಬಾರ್ದು" ಎಂದು ವಿಲ್ಫ್ರಿದೊ ನಕ್ಕ.

ಒಸಿರಿಸ್ ಬೆರಳು ಮಡಿಚಿ ಮುಂದುವರಿಸಿದಳು.

"ಮತ್ತೆ ತಗಡು. ಮಧ್ಯಾಹ್ನ ಒಳಗೆ ಕೈ ಹಾಕಿ ನೋಡು, ಒಲೆ ಥರ ಇರುತ್ತೆ. ಮತ್ತೆ ಅಜ್ಜಿ, ನೀನು ಅನ್ನ, ಬ್ರೆಡ್ಡು ಹಾಕೋದು ನಿಲ್ಸು. ಸೊಪ್ಪು ಹಾಕ್ಬೇಕು, ಹಣ್ಣು ಹಾಕ್ಬೇಕು."

"ನಾನಾ?" ನೊಯೆಮಿ ಚಮಚ ಕೆಳಗಿಟ್ಟಳು. "ಪೆತ್ರೋನಾ ನನ್ನ ಕೈಯ ಅನ್ನ ತಿಂದು ನಿಮ್ಮಪ್ಪನಿಗಿಂತ ದೊಡ್ಡವಳಾಗಿದಾಳೆ. ಈಗ ನಿನ್ನ ಫೋನು ಬಂದು ನನಗೆ ಹೇಳ್ಕೊಡ್ಬೇಕಾ?"

ಹೀಗೆ ಆ ಊಟ ಮುಗಿಯಿತು. ಗೂಡಿಗೆ ಯಾರೂ ಏನೂ ಮಾಡಲಿಲ್ಲ. ಕರ್ ಕರ್ ಮಾತ್ರ ನಡೆದೇ ಇತ್ತು.

ಡಾಕ್ಟರ್ ಬೆರೊಕಾಲ್ ಬಂದದ್ದು ಆಮೆಗಾಗಿ ಅಲ್ಲ, ತನ್ನ ಬೈಕಿನ ಚೈನ್ ಬದಲಾಯಿಸಲು. ಆತ ಸುತ್ತಲಿನ ದನಗಳ ಡಾಕ್ಟರು. ಹಸು, ಎತ್ತು, ಹೆಚ್ಚೆಂದರೆ ಕುದುರೆ. ನೊಯೆಮಿ ಮಗನ ಅಂಗಡಿಗೆ ಹೋಗಿ ಡಾಕ್ಟರ ಅಂಗಿಯ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಬಂದಳು.

"ಅಮ್ಮ, ನನಗೆ ಇವೆಲ್ಲ ಗೊತ್ತಾಗಲ್ಲ. ಕೊಂಬಿದ್ರೆ ಹೇಳಿ, ನೋಡ್ತೀನಿ."

"ಮುಟ್ಟಿ ನೋಡಿ ಡಾಕ್ಟ್ರೇ. ಮುಟ್ಟೋಕೇನು, ಕೈ ಇದೆಯಲ್ಲ."

ಆತ ಪೆತ್ರೋನಾಳನ್ನು ನೆಟ್ಟಗೆ ಎತ್ತಿ ಹಿಡಿದು, ಹಿಂಗಾಲಿನ ಮುಂದಿನ ಸಂದಿಯಲ್ಲಿ ಬೆರಳು ತೂರಿಸಿ, ಕಣ್ಣು ಮುಚ್ಚಿ ಒತ್ತಿ ನೋಡಿದ. "ಇದೆ. ಗೋಲಿಗಿಂತ ದೊಡ್ಡವು, ಒಂದರ ಪಕ್ಕ ಒಂದು. ತುಂಬಿದಾಳೆ." ಕೆಳಗಿಟ್ಟು ಹಿತ್ತಲನ್ನು ಒಂದು ಸುತ್ತು ನೋಡಿದ. "ಎಲ್ಲಿಡಬೇಕು ಅಂತ ಇದು? ಎಲ್ಲಾ ಸಿಮೆಂಟೇ ಆಯ್ತಲ್ಲ."

ನೊಯೆಮಿ ಸೊಸೆಯ ಕಡೆ ತಿರುಗಿದಳು.

"ಒಂದು ಮೊಳ ಆಳ ಸಡಿಲ ಮಣ್ಣು ಬೇಕು" ಎಂದ ಡಾಕ್ಟರು. "ಬಿಸಿಲು ಬೀಳೋ ಕಡೆ. ಒಗೆಯೋ ಕಟ್ಟೆ ಆಚೆ ಮೂಲೇಲಿ ಒಂದಿಷ್ಟು ಮಣ್ಣು ಉಳಿದಿದೆಯಲ್ಲ, ಅದು ಆಗಲ್ಲ, ಯಾವಾಗ್ಲೂ ಒದ್ದೆ. ಗಂಡುಗಳನ್ನ ಬೇರೆ ಮಾಡಿ, ಅದಕ್ಕೆ ನೆಮ್ಮದಿ ಇಲ್ಲ. ದಿನಾ ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸಿ. ಹಾಗೂ ಇಡ್ಲಿಲ್ಲ ಅಂದ್ರೆ ಮೊಂತೇರಿಯಾದ ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗ್ಬೇಕು, ಕತ್ತರಿಸಿ ತೆಗೀತಾರೆ. ಮೊಟ್ಟೆ ಒಳಗೇ ಉಳಿದ್ರೆ ಸಾಯುತ್ತೆ." ಕೈ ತೊಳೆದುಕೊಂಡು ದನಿ ಇಳಿಸಿದ. "ಕಾಡುಪ್ರಾಣಿ ಸಾಕೋಕೆ ಪರವಾನಗಿ ಗಿರವಾನಗಿ ಇಲ್ಲ ಅಲ್ವಾ? ನಾನು ಏನೂ ನೋಡಿಲ್ಲ. ಮೊಂತೇರಿಯಾದಲ್ಲಿ ಕೇಳಿದ್ರೆ ಏನು ಹೇಳ್ತೀರೋ ಯೋಚ್ನೆ ಮಾಡಿ."

ಅವನು ಹೋದ ಮೇಲೆ ಮನೆಯಲ್ಲಿ ಮೂರು ದಿನ ಅದೇ ಮಾತು.

ವಿಲ್ಫ್ರಿದೊ ಎಣ್ಣೆ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ತಿಕ್ಕಿ ತೊಳೆದು, ಉಳಿದಿದ್ದ ಗಾರೆ ಮರಳು ತುಂಬಿಸಿ ಬಿಸಿಲಿಗಿಟ್ಟ. ಪೆತ್ರೋನಾಳನ್ನು ಎತ್ತಿ ಅದರಲ್ಲಿ ಕೂರಿಸಿದ. ಅದು ತಿರುಗುವಷ್ಟೂ ಜಾಗವಿಲ್ಲದೆ ಮೂತಿಯಿಂದ ತಗಡನ್ನು ಗುದ್ದಿ, ಹತ್ತಲು ಹೋಗಿ, ಬೆನ್ನ ಮೇಲಾಗಿ ಬಿತ್ತು. ಇನ್ನೊಮ್ಮೆ ಕೂರಿಸಿದ, ಇನ್ನೊಮ್ಮೆ ಬಿತ್ತು.

"ಸಾಯಿಸ್ತೀಯ ಅದನ್ನ!" ಎಂದು ನೊಯೆಮಿ ಕಿರುಚಿದಳು.

"ನಾನೇನು ಮಾಡ್ಲಿ ಅಮ್ಮ? ಹಗಲೆಲ್ಲ ಬೈಕು, ಮಧ್ಯೆ ಆಮೆ. ಮನುಷ್ಯನಾ ನಾನು, ಏನು?"

"ಆ ಸಿಮೆಂಟು ಒಂದಷ್ಟು ಒಡೆದು ಹಾಕು ಅಂತಿದೀನಿ. ಮಾವಿನ ಪಕ್ಕದಲ್ಲಿ. ಬಿಸಿಲು ಬೀಳೋದು ಅಲ್ಲೇ."

"ಒಡಿಯೋದಾ?" ಲೇದಿಸ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಎದ್ದು ಬಂದಳು. "ಅಲ್ಲಾ ಅತ್ತೆ, ನನ್ನ ತಮ್ಮ ಬೆನ್ನು ಬಗ್ಗಿಸಿ ಮಾಡಿದ ಕೆಲಸ, ಇನ್ನೂ ಎರಡು ತಿಂಗಳಾಗಿಲ್ಲ. ಅದೂ ನಟ್ಟನಡುವೆ? ಮಳೆ ಬಂದ್ರೆ ಆ ಗುಂಡಿಯಿಂದ ಕೆಸರು ಬಂದು ಎಲ್ಲ ಮೊದಲಿನ ಹಾಗೇ ಆಗುತ್ತೆ. ಆವಾಗ ಒರೆಸೋರು ಯಾರು? ನೀವಾ? ನಿಮ್ಮ ಮಗನಾ?"

"ಒಂದು ಜೀವ ಹೋಗ್ತಿದೆ, ನಿನಗೆ ನೆಲ ಒರೆಸೋದೇ ಹೆಚ್ಚಾಯ್ತು."

"ಹದಿನೇಳು ವರ್ಷ ಒರೆಸಿದೀನಿ. ಒಂದು ದಿನನಾದ್ರೂ ನನ್ನ ಬಗ್ಗೆ 'ಜೀವ ಹೋಗ್ತಿದೆ' ಅಂದಿದೀರಾ?"

ನೊಯೆಮಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅವಳು ಪೆತ್ರೋನಾಳನ್ನು ಗೋಣಿಚೀಲಕ್ಕೆ ಹಾಕಿ, ಎರಡು ಜೊತೆ ಬಟ್ಟೆ ಇನ್ನೊಂದು ಚೀಲಕ್ಕೆ ತುಂಬಿ, ಸಾನ್ ಪೆಲಾಯೊದಲ್ಲಿದ್ದ ತಂಗಿ ಎದಿಲ್ಮಾಳ ಮನೆಗೆ ಬಸ್ಸು ಹತ್ತಿದಳು. "ಅಲ್ಲಿ ಮಣ್ಣಿದೆ" ಎಂದು ಹೇಳಿ ಹೋದಳು.

ಆಗ ಗೊತ್ತಾಯಿತು ಆ ಮನೆಯಲ್ಲಿ ಅಡುಗೆ ಎಂದರೆ ಎಷ್ಟು ಕೆಲಸ ಎಂದು. ಮಧ್ಯಾಹ್ನ ಹನ್ನೆರಡಾಗುತ್ತಲೇ ವಿಲ್ಫ್ರಿದೊ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಒಳಗೆ ಬರುವನು. ಮೇಜಿನ ಮೇಲೆ ತಟ್ಟೆಗಳ ಬದಲು ನೀಲಿ ಲಂಗಗಳ ರಾಶಿ. ಮೊದಲ ದಿನ ಲೇದಿಸ್ ಮರಗೆಣಸು ಬೇಯಿಸಿ ಹುಳಿಕೆನೆ ಹಾಕಿ ಕೊಟ್ಟಳು. ಎರಡನೇ ದಿನವೂ ಅದೇ.

"ಅಮ್ಮ ಇದ್ದಿದ್ರೆ ತೆಂಗಿನಹಾಲಿನ ಅನ್ನ ಆಗ್ತಿತ್ತು" ಎಂದ ವಿಲ್ಫ್ರಿದೊ.

"ಹೋಗಿ ಕರಕೊಂಡು ಬಾ ಹಾಗಾದ್ರೆ. ಅಥವಾ ಈ ಲಂಗದ ಗುಂಡಿ ಹೊಲಿ, ನಾನು ಅನ್ನ ಮಾಡ್ತೀನಿ."

"ಅಪ್ಪ, ಗೂಡಿಗೆ ಮಧ್ಯೆ ಒಂದು ಗೋಡೆ..." ಎಂದು ಒಸಿರಿಸ್ ಶುರುಮಾಡಿದಳು.

"ಮತ್ತೆ ಆಮೆ ವಿಷಯ ಎತ್ತಿದ್ರೆ ಎಲ್ಲಾನೂ ಸಾರು ಮಾಡಿಬಿಡ್ತೀನಿ!" ಎಂದು ವಿಲ್ಫ್ರಿದೊ ರೇಗಿದ.

ಮೂರನೆಯ ದಿನ, ಊಟದ ಹೊತ್ತಿಗೆ ಸರಿಯಾಗಿ, ನೊಯೆಮಿ ವಾಪಸ್ಸು ಬಂದಳು. ಚೀಲ ಕೆಳಗಿಟ್ಟು ಚೊಂಬು ನೀರು ಕುಡಿದಳು. ಚೀಲದೊಳಗೆ ಪೆತ್ರೋನಾ ಕೆರೆಯುತ್ತಿತ್ತು.

"ಏನಮ್ಮ, ಇಟ್ಲಾ?" ಎಂದ ವಿಲ್ಫ್ರಿದೊ.

"ಏನು ಇಡ್ತಾಳೆ, ಮಣ್ಣಂಗಟ್ಟಿ!" ಎಂದಳು ನೊಯೆಮಿ. "ಎದಿಲ್ಮಾನೂ ಸಿಮೆಂಟು ಹಾಕ್ಸಿದಾಳೆ. ಬಾಗಿಲು ತೆಗೆದವಳೇ ನನ್ನ ಕೈ ಹಿಡಿದು ಹಿತ್ತಲಿಗೆ ಕರಕೊಂಡು ಹೋಗಿ, 'ಅಕ್ಕಾ, ನಿನ್ನ ಸೊಸೆ ಹಾಕ್ಸಿದ್ದು ನೋಡಿ ನಾನೂ ಹಾಕ್ಸಿದೆ' ಅಂತಾಳೆ. ಕೆಂಪು ಬಣ್ಣ ಬೇರೆ ಬಳಿಸಿದಾಳೆ. ಎರಡು ದಿನ ಅವಳ ಹಿತ್ತಲು ಹೊಗಳಿ ಹೊಗಳಿ ನನ್ನ ಬಾಯಿ ಒಣಗಿಹೋಯ್ತು. ಪಕ್ಕದ ಮನೇಲಿ ಮಣ್ಣಿದೆ, ಆದ್ರೆ ಮೂರು ನಾಯಿ."

ಒಸಿರಿಸ್ ನಗು ತಡೆಯಲಾರದೆ ಲಂಗದ ರಾಶಿಯಲ್ಲಿ ಮುಖ ಮುಚ್ಚಿಕೊಂಡಳು. ಲೇದಿಸ್‌ಗೂ ನಗು ಬಂದಿತ್ತು, ಆದರೆ ಆಗಲೇ ಅತ್ತೆ ಪೆತ್ರೋನಾಳನ್ನು ಚೀಲದಿಂದ ತೆಗೆದು ನೆಲಕ್ಕಿಟ್ಟಳು. ಅದು ನಡೆಯಲಿಲ್ಲ. ಕತ್ತು ಮುಂದೆ ಚಾಚಿ, ಬಾಯಿ ಅರೆ ತೆರೆದು ಕೂತಿತು.

ಮರುದಿನ ವಿಲ್ಫ್ರಿದೊ ಬಿಡಿಭಾಗ ತರಲು ಮೊಂತೇರಿಯಾಕ್ಕೆ ಹೋಗಿದ್ದ. ನೊಯೆಮಿ ಚರ್ಚಿಗೆ ಹೋಗಿದ್ದಳು, ಒಸಿರಿಸ್ ಪುಸ್ತಕ ಕೊಳ್ಳಲು ಪೇಟೆಗೆ. ಲೇದಿಸ್ ಒಗೆಯಲು ಬಂದವಳು ಗೂಡಿನ ಮುಂದೆ ನೆಲದ ಮೇಲೆ ಎರಡು ಗೆರೆ ಕಂಡಳು, ಕಂದುಗೆಂಪು. ಬಗ್ಗಿ ಬೆರಳಿಂದ ಉಜ್ಜಿದಳು; ತುಕ್ಕಲ್ಲ. ಪೆತ್ರೋನಾಳ ಹಿಂಗಾಲಿನ ಉಗುರು ಬುಡದವರೆಗೆ ಸವೆದು ರಕ್ತ ಒಸರುತ್ತಿತ್ತು. ಆದರೂ ಅದು ಒಂದು ಕಾಲು ಎಳೆದು, ನಿಲ್ಲಿಸಿ, ಇನ್ನೊಂದು ಕಾಲು ಎಳೆಯುತ್ತಿತ್ತು. ಅದರ ಹಿಂದೆಯೇ ಮೇಯರ್ ಕೋಳಿಯ ಹಾಗೆ ಕ್ಲಕ್ ಕ್ಲಕ್ ಎನ್ನುತ್ತ ಬಂದು ಅದರ ಚಿಪ್ಪಿಗೆ ಡಿಕ್ಕಿ ಹೊಡೆದ.

"ನಿನ್ನ ಮನೆ ಹಾಳಾಗ!" ಎಂದು ಲೇದಿಸ್ ಅವನನ್ನು ಎತ್ತಿ ಒಗೆಯುವ ಬಕೆಟ್ಟಿಗೆ ಹಾಕಿದಳು.

ಗಂಡನ ಅಂಗಡಿಗೆ ಹೋಗಿ ದೊಡ್ಡ ಸುತ್ತಿಗೆ, ಹಾರೆ ಹೊತ್ತು ತಂದಳು. ಮಾವಿನ ಪಕ್ಕ, ಮಧ್ಯಾಹ್ನದ ತನಕ ಬಿಸಿಲು ಬೀಳುವ ಕಡೆ, ಒಂದು ಜೋಡಿ ಮಂಚದಷ್ಟು ಜಾಗಕ್ಕೆ ಇದ್ದಿಲಿನಿಂದ ಗೆರೆ ಎಳೆದಳು. ಮೊದಲ ಏಟಿಗೆ ಸುತ್ತಿಗೆ ಚಿಮ್ಮಿ ಬಂತು. ನೆಲದ ಮೇಲೆ ಬಿಳಿ ಚುಕ್ಕೆಯಷ್ಟೇ. ನಾಫೇರ್ ನಾಲ್ಕು ಬೆರಳು ದಪ್ಪ ಹಾಕಿದ್ದ. ಅಕ್ಕನ ಹಿತ್ತಲು ಎಂದು ಸಿಮೆಂಟೂ ಧಾರಾಳವಾಗಿ ಬೆರೆಸಿದ್ದ. "ಅಯ್ಯೋ ನನ್ನ ತಮ್ಮಾ, ನೀನೊಬ್ಬ ಪ್ರಾಮಾಣಿಕ" ಎಂದು ಬೈಯುತ್ತ ಹೊಡೆದಳು. ಹತ್ತಿರದ ಮನೆಗಳಿಂದ ಬೇಲಿಯ ಮೇಲೆ ತಲೆಗಳು ಮೂಡಿದವು. ಬಿರುಕು ಬಿಟ್ಟ ಮೇಲೆ ಹಾರೆ ತೂರಿಸಿ ಚಪ್ಪಡಿ ಚಪ್ಪಡಿಯಾಗಿ ಎಬ್ಬಿಸಿದಳು.

ಅರ್ಧ ಆಗಿತ್ತು, ನೊಯೆಮಿ ಚರ್ಚಿನಿಂದ ಬಂದಳು. ತಲೆಯ ಮೇಲಿನ ವಸ್ತ್ರವನ್ನೂ ತೆಗೆಯದೆ ನೋಡಿದಳು.

"ಇನ್ನೊಂದು ಸ್ವಲ್ಪ ಆಕಡೆ ಒಡೀಬೇಕಿತ್ತು" ಎಂದಳು. "ಇಲ್ಲಿ ಮಾವಿನ ಬೇರು ಸಿಗುತ್ತೆ."

ಲೇದಿಸ್ ಸುತ್ತಿಗೆ ಅವಳ ಕಡೆ ಚಾಚಿದಳು. "ತಗೊಳ್ಳಿ. ಆಕಡೆದು ನಿಮ್ಮದು."

ಅತ್ತೆ ಸುತ್ತಿಗೆ ಮುಟ್ಟಲಿಲ್ಲ. ಬಟ್ಟೆ ಬದಲಾಯಿಸಿ ಬಂದು, ಒಡೆದ ಚೂರುಗಳನ್ನು ಬುಟ್ಟಿಗೆ ತುಂಬತೊಡಗಿದಳು.

ಸಂಜೆ ವಿಲ್ಫ್ರಿದೊ ಬಂದು ನೋಡಿದವನು ಹೆಂಡತಿಯ ಮುಖ ನೋಡಲಿಲ್ಲ. "ಹಾಕ್ಸು ಹಾಕ್ಸು ಅಂತ ನನ್ನ ಪ್ರಾಣ ತಿಂದು, ಹಾಕ್ಸಿದ ಮೇಲೆ ನೀನೇ ಒಡೆದೆ. ನಾಳೆ ಛಾವಣಿ ತೆಗೆದು ಹಾಕು, ಕೊಕ್ಕರೆ ಬಂದು ಗೂಡು ಕಟ್ಟುತ್ತೆ" ಎಂದ. ಅವತ್ತಿನಿಂದ ಅಂಗಡಿಯಲ್ಲೇ ಕರಿದ ತಿಂಡಿ ತರಿಸಿಕೊಂಡು ತಿಂದ.

ಮಣ್ಣು ಸಿಕ್ಕಿತು, ಆದರೆ ಪೆತ್ರೋನಾ ಇಡಲಿಲ್ಲ. ಸಿಮೆಂಟಿನ ಕೆಳಗಿನ ನೆಲ ದಮ್ಮಸು ಹೊಡೆದು ಕಲ್ಲಾಗಿತ್ತು. ಲೇದಿಸ್ ಅದನ್ನು ಅಗೆದಳು. ಸಾಲದೆ ಒಸಿರಿಸ್‌ಳನ್ನು ಕರೆದುಕೊಂಡು ನದಿ ದಂಡೆಯಿಂದ ಸೈಕಲ್ಲಿನ ಮೇಲೆ ಚೀಲ ಚೀಲ ಮೆತ್ತನೆ ಮಣ್ಣು ತಂದು ತುಂಬಿದಳು, ನೀರು ಚಿಮುಕಿಸಿದಳು. ಬೆಳಿಗ್ಗೆ ಪೆತ್ರೋನಾಳನ್ನು ಬೆಚ್ಚನೆ ನೀರಿನಲ್ಲಿ ನಿಲ್ಲಿಸಿ, ಉಗುರಿಗೆ ಔಷಧ ಹಚ್ಚಿ, ಮಣ್ಣಿನ ಮೇಲೆ ಬಿಡುವುದು. ಅದು ಮೂಸುವುದು, ಸುತ್ತುವುದು, ಮಾವಿನ ನೆರಳಿಗೆ ಹೋಗಿ ಕೂರುವುದು. ಚಾತಾಳನ್ನೂ ಹೊರಗೆ ಬಿಟ್ಟಿದ್ದರು, ಗಂಡುಗಳು ಗೂಡಿನಲ್ಲೇ ಇದ್ದವು. ಗೂಡಿನ ಬಾಯಿಗೆ ಅಡ್ಡವಾಗಿ ಒಂದು ಹಲಗೆ ಕೊಟ್ಟಿದ್ದರು.

ಎರಡು ದಿನ ಹೋಯಿತು, ಮೂರು ಹೋಯಿತು. ಹೊಲಿಗೆಗೆ ಕೊಟ್ಟವರು ಬಾಗಿಲಿಗೆ ಬಂದು ಬೈದು ಹೋದರು. ಲೇದಿಸ್‌ಳ ಅಂಗೈ ತುಂಬ ಬೊಬ್ಬೆ. ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ನಾಫೇರ್ ಬಂದವನು ಗುಂಡಿಯ ಅಂಚಿನಲ್ಲಿ ನಿಂತು, "ನನಗೆ ಹೇಳಿದ್ರೆ ಕೊಯ್ದು ಕೊಡ್ತಿದ್ನಲ್ಲ ಅಕ್ಕಾ, ಹಿಂಗೆ ಇಲಿ ಕಡಿದ ಹಾಗೆ..." ಎಂದು ಮುಖ ಸಣ್ಣದು ಮಾಡಿಕೊಂಡು ಹೋದ.

"ತಡವಾಯ್ತು ಅನ್ಸುತ್ತೆ" ಎಂದಳು ನೊಯೆಮಿ, ಯಾರಿಗೋ ಎಂಬಂತೆ. "ಮೊದಲೇ ಒಡೆದಿದ್ರೆ..."

"ಒಂದೇ ಒಂದು ಮಾತು ಹೆಚ್ಚಿಗೆ ಆಡಿದ್ರೆ ನಿಮ್ಮನ್ನೂ ಬೆಚ್ಚನೆ ನೀರಲ್ಲಿ ನಿಲ್ಲಿಸ್ತೀನಿ" ಎಂದಳು ಲೇದಿಸ್.

ಐದನೆಯ ದಿನ ವಿಲ್ಫ್ರಿದೊಗೆ ತಾಳ್ಮೆ ಮುಗಿಯಿತು. ಆಮೆಗೆ ಬೇಡವಾದ ಗುಂಡಿ ತನಗೇಕೆ ಎಂದು, ಒಂದು ಚೀಲ ಸಿಮೆಂಟು ತರಿಸಿ, ಅಂಗಡಿಯ ಮುಂದೆಯೇ ಮರಳು ಜಲ್ಲಿ ಸೇರಿಸಿ ಕಲಸಿ, ತಳ್ಳುಗಾಡಿಗೆ ತುಂಬಿ ಹಿತ್ತಲಿಗೆ ನುಗ್ಗಿದ. "ಇವತ್ತು ಇದನ್ನ ಮುಚ್ಚಿಯೇ..."

"ಶ್!"

ಲೇದಿಸ್ ಮಾವಿನ ಬುಡದಲ್ಲಿ ನೆಲಕ್ಕೆ ಕೂತಿದ್ದಳು. ನೊಯೆಮಿ ಅಡುಗೆಮನೆ ಹೊಸ್ತಿಲಲ್ಲಿ ಚಮಚ ಹಿಡಿದುಕೊಂಡೇ ನಿಂತಿದ್ದಳು. ಒಸಿರಿಸ್ ಬಾಯಿಗೆ ಬೆರಳಿಟ್ಟು ತೋರಿಸಿದಳು. ಬಿಸಿಲಿನಲ್ಲಿ, ಮಣ್ಣಿನ ನಡುವೆ, ಪೆತ್ರೋನಾ ತಲೆ ಒಳಗೆಳೆದುಕೊಂಡು ಹಿಂಗಾಲಿನಿಂದ ಮಣ್ಣು ತೋಡುತ್ತಿತ್ತು. ಒಂದು ಹಿಡಿ ಎತ್ತಿ ಪಕ್ಕಕ್ಕೆ ಹಾಕುವುದು, ನಿಲ್ಲುವುದು, ಇನ್ನೊಂದು ಕಾಲು ಇಳಿಸುವುದು.

"ಎಷ್ಟು ಹೊತ್ತಿಂದ?" ವಿಲ್ಫ್ರಿದೊನ ದನಿ ತಾನಾಗಿಯೇ ಇಳಿಯಿತು.

"ಬೆಳಿಗ್ಗೆ ತಿಂಡಿ ಆದಾಗಿಂದ" ಎಂದು ಲೇದಿಸ್ ಪಿಸುಗುಟ್ಟಿದಳು. "ಆ ಗಾಡಿ ತಗೊಂಡು ಹೋಗು."

"ಎಲ್ಲಿಗೆ ತಗೊಂಡೋಗ್ಲಿ? ಕಲಸಿ ಆಗಿದೆ. ಇನ್ನೊಂದು ಗಂಟೆಗೆ ಗಾಡಿ ಸಮೇತ ಕಲ್ಲಾಗುತ್ತೆ."

"ನನ್ನ ಕೇಳಿ ಕಲಸಿದ್ಯಾ?"

"ನೀನು ನನ್ನ ಕೇಳಿ ಒಡೆದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ! ಅನ್ನೋ ಹಕ್ಕಿಲ್ವಾ ನನಗೆ? ಈ ಮನೇಲಿ ನಾನು ಯಾರು? ಗ್ರೀಸ್ ಮೆತ್ತಿಕೊಂಡು..."

"ಮೆಲ್ಲಗೆ" ಎಂದಳು ನೊಯೆಮಿ, ಚಮಚ ಆಡಿಸುತ್ತ.

ಆ ಮನೆಯಲ್ಲಿ ಅಂಥ ಜಗಳ ಹಿಂದೆ ನಡೆದಿರಲಿಲ್ಲ. ಡಿಸೆಂಬರಿನಿಂದ ತುಂಬಿಕೊಂಡದ್ದೆಲ್ಲ ಹೊರಗೆ ಬಂತು: ನಾದಿನಿಯರು ಅಂದದ್ದು, ಎಂದೋ ಮುರಿದ ಮಷೀನು, ಮರಗೆಣಸಿನ ಊಟ, ಮದುವೆಯ ಮೊದಲ ವರ್ಷ ಅತ್ತೆ ಅಡುಗೆಮನೆಗೆ ಬೀಗ ಹಾಕಿದ್ದು. ಎಲ್ಲವೂ ಪಿಸುಮಾತಿನಲ್ಲಿ. ವಿಲ್ಫ್ರಿದೊ ಮುಖ ಕೆಂಪಗೆ ಮಾಡಿ, ಕೈ ಬೀಸಿ, ಕತ್ತಿನ ನರ ಉಬ್ಬಿಸಿ ಪಿಸುಗುಟ್ಟಿದ. ಲೇದಿಸ್ ಕಣ್ಣೀರು ಒರೆಸಿಕೊಳ್ಳುತ್ತ ಪಿಸುಗುಟ್ಟಿದಳು. ಬೇಲಿಯ ಮೇಲಿನ ತಲೆಗಳಿಗೆ ಒಂದು ಮಾತೂ ಕೇಳಿಸದೆ ಅವು ಬೇಸರದಿಂದ ಇಳಿದು ಹೋದವು.

ಆಗ ದಡ್ ಎಂದಿತು. ಮೇಯರ್ ಹಲಗೆ ಗುದ್ದಿ ಬೀಳಿಸಿ, ಕ್ಲಕ್ ಕ್ಲಕ್ ಎನ್ನುತ್ತ ಸೀದಾ ಮಣ್ಣಿನ ಕಡೆ ಹೊರಟಿದ್ದ. ಹಿಂದೆ ಸಾರ್ಜೆಂಟ್. ಪೆತ್ರೋನಾ ಕಾಲು ನಿಲ್ಲಿಸಿತು.

"ಅಪ್ಪ, ಹಿಡಿ!" ಒಸಿರಿಸ್ ಕೂಗಬೇಕಾದದ್ದನ್ನು ಉಸಿರಿನಲ್ಲೇ ಹೇಳಿದಳು.

ವಿಲ್ಫ್ರಿದೊ ಎರಡು ಹೆಜ್ಜೆಗೆ ಹೋಗಿ ಎರಡನ್ನೂ ಎರಡು ಕಂಕುಳಲ್ಲಿ ಎತ್ತಿಕೊಂಡ. ಅವು ಕಾಲು ಆಡಿಸುತ್ತಿದ್ದವು, ಅವನ ಅಂಗಿಯ ಮೇಲೆ ಒಂದು ಗಲೀಜು ಮಾಡಿತು. ಹಾಗೇ ನಿಂತು ಗೂಡನ್ನು ನೋಡಿದ, ತಳ್ಳುಗಾಡಿಯನ್ನು ನೋಡಿದ. "ಬ್ಲಾಕು ಎಷ್ಟು ಉಳಿದಿದೆ?" ಎಂದು ಕೇಳಿದ.

"ಬಾಗಿಲ ಹಿಂದೆ ಒಂದಷ್ಟಿವೆ" ಎಂದಳು ಒಸಿರಿಸ್.

"ತಗೊಂಡು ಬಾ. ಶಬ್ದ ಮಾಡ್ಬೇಡ."

ಕಲಸಿದ ಸಿಮೆಂಟು ಚೆಲ್ಲಲು ಅವನಿಗೆ ಮನಸ್ಸು ಬರುವಂತಿರಲಿಲ್ಲ. ಗಂಡುಗಳನ್ನು ಗೂಡಿಗೆ ಹಾಕಿ, ಅದರ ಬಾಯಿಗೆ ಬ್ಲಾಕು ಇಟ್ಟು ಕಟ್ಟತೊಡಗಿದ. ಮೊಣಕಾಲೆತ್ತರಕ್ಕೆ ಬಂದಾಗ ಲೇದಿಸ್ ಎದ್ದು ಬಂದಳು. "ಹಿಂಗಡೆ ಗೋಡೆ ತೆಗೆದು ಗೂಡು ಉದ್ದ ಮಾಡು. ಒಗೆಯೋ ಕಟ್ಟೆ ಆಚೆ ಮೂಲೇಲಿ ಮಣ್ಣು ಉಳಿದಿದೆಯಲ್ಲ, ಸಿಮೆಂಟು ತಲುಪದೇ ಇದ್ದದ್ದು, ಅದನ್ನೂ ಸೇರ್ಸು. ಗಂಡುಗಳು ಅಲ್ಲಿರ್ಲಿ. ತಗಡು ಕಿತ್ತು ಹಾಕಿ ತೆಂಗಿನ ಗರಿ ಹೊದಿಸ್ತೀನಿ ನಾನು."

"ಇನ್ನೇನಾದ್ರೂ ಇದ್ಯಾ ಮೇಸ್ತ್ರಿಯಮ್ಮ?"

"ಗೆರೆ ನೆಟ್ಟಗೆ ಕಟ್ಟು."

ಎರಡು ಗಂಟೆಯ ಹೊತ್ತಿಗೆ ಪೆತ್ರೋನಾ ಹಿಂಬದಿಯನ್ನು ಕುಳಿಗೆ ಇಳಿಸಿ ಸ್ಥಿರವಾಯಿತು. ಮೊದಲ ಮೊಟ್ಟೆ ಬಿದ್ದಾಗ ಅದನ್ನು ಹಿಂಗಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿತು. ಇನ್ನೊಂದು ಬಿತ್ತು, ಉರುಟಾದ, ಬಿಳಿಯ, ಪಿಂಗ್‌ಪಾಂಗ್ ಚೆಂಡಿನಂಥದು. ಒಂದು ಒಡೆದೇ ಬಂತು. ಆಮೇಲೆ ಒಂದು ಸುಣ್ಣ ಮೆತ್ತಿದ ಹಾಗೆ ಒರಟಾಗಿ, ಒಳಗೇ ಬಹಳ ದಿನ ಕಾದದ್ದು. ನೊಯೆಮಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಕೊನೆಗೆ ಅದು ಮಣ್ಣೆಳೆದು ಮುಚ್ಚಿ, ಹೊಟ್ಟೆಯಿಂದ ಮೇಲಿಂದ ಮೇಲೆ ಒತ್ತಿ ಸಮ ಮಾಡಿ, ತಿರುಗಿಯೂ ನೋಡದೆ ನೆರಳಿಗೆ ನಡೆದು ಒಸಿರಿಸ್ ಇಟ್ಟಿದ್ದ ಪಪಾಯಕ್ಕೆ ಬಾಯಿ ಹಾಕಿತು.

"ಎಷ್ಟು?" ನೊಯೆಮಿ ಬಗ್ಗಿದಳು. "ಸ್ವಲ್ಪ ಮಣ್ಣು ಸರಿಸಿ ನೋಡೋಣ, ಒಡೆದದ್ದನ್ನಾದ್ರೂ ತೆಗೆಯೋಣ..."

ಲೇದಿಸ್ ಅವಳ ಮಣಿಕಟ್ಟು ಹಿಡಿದಳು. "ಮುಟ್ಬೇಡಿ ಅತ್ತೆ. ನಾಳೆಯಿಂದ ಇಲ್ಲಿ ಯಾರೂ ಕೈ ಹಾಕೋದಿಲ್ಲ. ಕೋಳೀನೂ ಕಟ್ಟಿ ಹಾಕ್ತೀನಿ."

"ನನ್ನ ಆಮೆ ಅದು."

"ಹಿತ್ತಲು ನಂದು."

ನೊಯೆಮಿ ಕೈ ಬಿಡಿಸಿಕೊಂಡು, ಸೊಂಟ ಹಿಡಿದು ಎದ್ದಳು.

ವಿಲ್ಫ್ರಿದೊ ಕರಣೆ ಬಕೆಟ್ಟಿಗೆ ಹಾಕಿದ. ತೋಳಿನವರೆಗೆ ಸಿಮೆಂಟು, ಅಂಗಿಯ ಮೇಲೆ ಮೇಯರನ ಕಾಣಿಕೆ. "ಇನ್ನು ಜೋರಾಗಿ ಮಾತಾಡಬಹುದಾ?" ಎಂದು ಪಿಸುಗುಟ್ಟಿದ.

"ಆಡು. ಇನ್ನೂ ಏನೇನು ಹೇಳೋದಿದೆಯೋ ಎಲ್ಲಾ ಹೇಳು."

ಅವನು ಬಾಯಿ ತೆರೆದ, ಯೋಚಿಸಿದ. "ಊಟಕ್ಕೇನಿದೆ?"

ಲೇದಿಸ್ ಎರಡೂ ಅಂಗೈ ಬಿಡಿಸಿ ತೋರಿಸಿದಳು. ಬೊಬ್ಬೆ ಒಡೆದು ಮಣ್ಣು ಮೆತ್ತಿತ್ತು. ನೊಯೆಮಿ ಒಳಗೆ ಹೋಗಿ ನೋಡಿ ಬಂದು, ಬೆಳಿಗ್ಗೆ ಒಲೆಯ ಮೇಲಿಟ್ಟಿದ್ದ ಅನ್ನ ತಳ ಹತ್ತಿ ಕರಕಲಾಗಿದೆ ಎಂದಳು. ವಿಲ್ಫ್ರಿದೊ ತಲೆಯಾಡಿಸಿ, ಅದೇ ಅಂಗಿಯಲ್ಲಿ, ನದಿ ದಂಡೆಯ ಅಂಗಡಿಯಿಂದ ಕರಿದ ಮೀನು ತರಲು ಹೊರಟ.

ಲೇದಿಸ್ ಕುರ್ಚಿ ಎಳೆದುಕೊಂಡು ಮಣ್ಣಿನ ಅಂಚಿಗೆ ಕೂತಳು. ನಾಫೇರ್ ಎಳೆದ ಗೆರೆಗಳು ಅಲ್ಲಿಯ ತನಕ ನೆಟ್ಟಗೆ ಬಂದು, ಹಲ್ಲು ಮುರಿದ ಹಾಗೆ ನಿಂತುಬಿಟ್ಟಿದ್ದವು. ಅದರ ಮೇಲೆ ಅವಳದೇ ಹೆಜ್ಜೆ, ಅತ್ತೆಯ ಹೆಜ್ಜೆ, ತಳ್ಳುಗಾಡಿಯ ಗಾಲಿ, ಎಲ್ಲ ಮಣ್ಣು. ಮೂಲೆಯಲ್ಲಿ ಎರಡು ಪೊರಕೆ ಇದ್ದವು.

"ಒಸಿರಿಸ್" ಎಂದು ಕೂಗಿದಳು, ಅಂದು ಮೊದಲ ಸಲ ಪೂರ್ತಿ ದನಿ ತೆಗೆದು. "ಅಜ್ಜಿಗೆ ಒಂದು ಪೊರಕೆ ಕೊಡು, ನೀನೊಂದು ತಗೋ. ನಾನು ಇವತ್ತು ಏಳಲ್ಲ."